ಮಕ್ಕಳ ದಾರಿಯನ್ನು ಕದಿಯಬೇಡಿ



ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ರಕ್ತದೊತ್ತಡ, ಮಧುಮೇಹ, ಸಿಯಾಟಲ್‌ನ ಮೋಡದಡಿಯಲ್ಲಿ ನಮ್ಮವರನ್ನು ಕಾಡುವ ಡಿ ಜೀವಸತ್ವದ ಕೊರತೆ ಮುಂತಾದವುಗಳ ಕುರಿತು ಬರೆಯುತ್ತೇನೆ. ಈ ಬಾರಿ ಆಟವೊಂದರ ಕುರಿತು ಬರೆಯುತ್ತಿದ್ದೇನೆ, ಅದೂ ಜಗಳ ಕಾಯುವ ಉದ್ದೇಶದಿಂದಲೇ. ಜಗಳದ ಒಂದು ಪಕ್ಷದಲ್ಲಿ ಹಿಂದೆ ನಾನೇ ಇದ್ದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಫ್ರೀಮಾಂಟ್‌ನಲ್ಲಿರುವ ನಮ್ಮ ಸದಸ್ಯರೊಬ್ಬರ ಮನೆಯ ನೆಲಮಾಳಿಗೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ಒಂಬತ್ತರಿಂದ ಹದಿಮೂರರ ವಯಸ್ಸಿನ ಏಳೆಂಟು ಮಕ್ಕಳು ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮಾದರಿಯ ಆಟವನ್ನು ಕನ್ನಡದಲ್ಲಿ ಆಡುತ್ತಾರೆ. ಆಟವನ್ನು ನಡೆಸುವವಳು ನಮ್ಮದೇ ಸದಸ್ಯ ಕುಟುಂಬದ ಕಾಲೇಜು ವಿದ್ಯಾರ್ಥಿನಿ. ಮಕ್ಕಳಿಗೆ ಆಕೆ ‘ಅಕ್ಕ’. ಈಗ ಕಾರ್ಯಕಾರಿ ಸಮಿತಿಯ ಮುಂದೆ ಪ್ರಸ್ತಾಪವೊಂದು ಬಂದಿದೆ. ಈ ಆಟದ ಮೇಜನ್ನು ಕನ್ನಡ ಶಾಲೆಯ ಅಂಗವಾಗಿಸಬೇಕು, ಪಯಣದಲ್ಲಿ ಎದುರಾಗುವ ಪ್ರತಿಯೊಂದು ಅಡ್ಡಿಯನ್ನೂ ಒಂದು ಪಾಠಪ್ರಶ್ನೆಯನ್ನಾಗಿ ಮಾರ್ಪಡಿಸಬೇಕು, ಮಕ್ಕಳ ಪಾತ್ರಗಳ ಗುರಿಯನ್ನು ಪೋಷಕರು ಮುಂಚಿತವಾಗಿಯೇ ನಿಶ್ಚಯಿಸಿ ಕೊಡಬೇಕು ಎಂಬುದು ಅದರ ಸಾರಾಂಶ. ಈ ಪ್ರಸ್ತಾಪವನ್ನು ಆರಂಭದಲ್ಲಿ ಬೆಂಬಲಿಸಿದವರ ಸಾಲಿನಲ್ಲಿ ನನ್ನ ಹೆಸರೂ ಇದೆ. ಅದನ್ನು ಹಿಂತೆಗೆದುಕೊಳ್ಳುವುದಷ್ಟೇ ಅಲ್ಲ, ಪ್ರಸ್ತಾಪವನ್ನು ತಿರಸ್ಕರಿಸಬೇಕೆಂದು ಕೋರುವುದಕ್ಕಾಗಿ ಈ ಬರಹ.

ಆಟವೆಂದರೇನು

ಪರಿಚಯವಿಲ್ಲದವರಿಗಾಗಿ ಎರಡು ಮಾತು. ಈ ಆಟದಲ್ಲಿ ಪರದೆಯಿಲ್ಲ, ಗುಂಡಿ ಒತ್ತುವುದಿಲ್ಲ. ಮೇಜಿನ ಸುತ್ತ ಕುಳಿತವರು ತಲಾ ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರ ಏನು ಮಾಡುತ್ತದೆಂಬುದನ್ನು ಬಾಯಿಂದಲೇ ಹೇಳುತ್ತಾರೆ. ಒಬ್ಬರು ಸೂತ್ರಧಾರರಾಗಿ ಲೋಕವನ್ನು ವರ್ಣಿಸುತ್ತಾರೆ. ಫಲಿತಾಂಶ ಅನಿಶ್ಚಿತವಾದಾಗ ಇಪ್ಪತ್ತು ಮುಖದ ದಾಳ ಉರುಳುತ್ತದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಪ್ರಕಟಿಸಿದರು. 1997ರಲ್ಲಿ ಅದರ ಒಡೆತನ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಕಂಪನಿಗೆ ಬಂದಿತು. ಆ ಕಂಪನಿಯ ನೆಲೆ ನಮ್ಮ ಪಕ್ಕದ ರೆಂಟನ್. ಇಂಥದೇ ಇನ್ನೊಂದು ಪ್ರಸಿದ್ಧ ಆಟವಾದ ‘ಪಾತ್‌ಫೈಂಡರ್’ 2009ರಲ್ಲಿ ಬಂದದ್ದು ಸರೋವರದಾಚೆಯ ಕಂಪನಿಯೊಂದರಿಂದ. ಅಂದರೆ ನಮ್ಮ ಮಕ್ಕಳು ಆಡುತ್ತಿರುವುದು ಈ ಊರಿನ ಆಟವನ್ನು, ನಮ್ಮ ನುಡಿಯಲ್ಲಿ. ಇದಕ್ಕಿಂತ ಸಹಜವಾದ ಕೂಡಿಕೆಯನ್ನು ನಮ್ಮ ಸಂಘವು ಈವರೆಗೆ ಕಂಡಿಲ್ಲವೆಂದೇ ನನ್ನ ಭಾವನೆ.

ಈ ಆಟದ ಕಥೆಗಳಲ್ಲಿ ಪಯಣ ಇದ್ದೇ ಇರುತ್ತದೆ. ಊರಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ಕೋಟೆಗೆ ಹೋಗಬೇಕು. ಆ ನಡುದಾರಿಯನ್ನು ಏನು ಮಾಡಬೇಕೆಂಬುದೇ ಈ ಆಟದ ಹಳೆಯ, ಇಂದಿಗೂ ತೀರದ ತಕರಾರು. ನಮ್ಮ ಮೇಜಿನಲ್ಲಿ ಮೂರು ಭಾನುವಾರ ಮೂರು ಬಗೆಯಲ್ಲಿ ಆ ದಾರಿಯನ್ನು ಕೆಡಿಸಿದ್ದನ್ನು ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ನೋಡಿದ್ದೇನೆ.

ಕೆಡಿಸುವ ಮೂರು ವಿಧಾನಗಳು

ಮೊದಲನೆಯ ಭಾನುವಾರ ಸಮಯ ಕಡಿಮೆಯಿತ್ತು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ತನ್ನ ಪಾತ್ರದ ಚೀಟಿಯ ಮೇಲೆ, “ಅಜ್ಜಿಗೆ ಹುಷಾರಿಲ್ಲ. ಔಷಧಿ ತೊಗೊಂಡು ಅಜ್ಜಿ ಊರಿಗೆ ಹೋಗಬೇಕು” ಎಂದು ಬರೆದುಕೊಂಡಿದ್ದಳು. ಅವಳ ಪಾತ್ರ ನಾಟಿವೈದ್ಯೆ. ಸೂತ್ರಧಾರಳಾದ ಅಕ್ಕ ಗಡಿಯಾರ ನೋಡಿ, “ಮೂರು ದಿನ ನಡೆದು ನೀವು ಊರು ತಲುಪಿದಿರಿ” ಎಂದಳು. ಹುಡುಗಿ ತಲೆಯೆತ್ತಿ, “ಅಕ್ಕಾ, ದಾರಿಯಲ್ಲಿ ಏನಾಯ್ತು?” ಎಂದು ಕೇಳಿದಳು. “ಏನೂ ಆಗಲಿಲ್ಲ.” ಹುಡುಗಿ ಸುಮ್ಮನಾದಳು. ಅಜ್ಜಿಗೆ ಔಷಧಿ ತಲುಪಿತು, ಅಜ್ಜಿ ಗುಣವಾದಳು. ಆದರೆ ಆ ಗುಣಪಡಿಸುವಿಕೆಯಲ್ಲಿ ಹುಡುಗಿಯ ಪಾಲು ಏನೂ ಇರಲಿಲ್ಲ. ಅಂಚೆಯವನು ಕೂಡ ಆ ಪೊಟ್ಟಣವನ್ನು ತಲುಪಿಸಬಹುದಿತ್ತು.

ಎರಡನೆಯ ಭಾನುವಾರ ಈ ತಪ್ಪನ್ನು ತಿದ್ದುವ ಹುಮ್ಮಸ್ಸಿನಲ್ಲಿ ಅಕ್ಕ ಪುಸ್ತಕದ ಪಟ್ಟಿಯೊಂದನ್ನು ತೆರೆದಳು. ದಾಳ ಉರುಳಿಸಿದರೆ ಬಂದ ಗರಕ್ಕೆ ತಕ್ಕಂತೆ ಒಂದು ಆಕಸ್ಮಿಕ ಅಡ್ಡಿ. ನಾಲ್ಕು ತೋಳಗಳು ಬಂದವು. ನಲವತ್ತು ನಿಮಿಷ ಕಾದಾಟ ನಡೆಯಿತು. ತೋಳಗಳು ಸತ್ತವು. ಬಳಿಕ ಮತ್ತೊಮ್ಮೆ ದಾಳ ಉರುಳಿತು, ಬಿರುಗಾಳಿ ಬಂದಿತು. ಎಲ್ಲರೂ ಒಂದೊಂದು ಗರ ಹಾಕಿದರು, ಬಿರುಗಾಳಿ ಹೋಯಿತು. ಪಯಣ ಮುಗಿದಾಗ ಯಾರೂ ಬದಲಾಗಿರಲಿಲ್ಲ, ಯಾರೂ ಏನನ್ನೂ ನಿರ್ಧರಿಸಿರಲಿಲ್ಲ. ಮೊದಲನೆಯ ವಾರ ದಾರಿ ಇರಲಿಲ್ಲ, ಎರಡನೆಯ ವಾರ ದಾರಿ ಉದ್ದವಾಗಿತ್ತು. ಎರಡರಲ್ಲೂ ಅದು ಖಾಲಿಯಾಗಿಯೇ ಇತ್ತು.

ಮೂರನೆಯ ಭಾನುವಾರದ ಅಪರಾಧ ನಮ್ಮದು, ಅಂದರೆ ಪೋಷಕರದು ಮತ್ತು ನನ್ನದು. ಪ್ರಸ್ತಾಪದ ಪ್ರಯೋಗವೊಂದನ್ನು ಮಾಡಿ ನೋಡೋಣವೆಂದು ನಾವೇ ಪ್ರಶ್ನೆಗಳ ಕಟ್ಟನ್ನು ಸಿದ್ಧಪಡಿಸಿದ್ದೆವು. ಮಕ್ಕಳು ಸೇತುವೆಯೊಂದಕ್ಕೆ ಬಂದರು. ಅದರಡಿಯಲ್ಲಿದ್ದ ದೈತ್ಯನು “ಚತುರ್ಥೀ ವಿಭಕ್ತಿಯ ಪ್ರತ್ಯಯಗಳಾವುವು?” ಎಂದು ಕೇಳಿದನು. ಕನ್ನಡ ಶಾಲೆಯಲ್ಲಿ ಮುಂದಿರುವ ಹುಡುಗನೊಬ್ಬ ಉತ್ತರ ಹೇಳಿದ. ಸೇತುವೆ ತೆರೆಯಿತು. ಮುಂದಿನ ಬಾಗಿಲಲ್ಲಿ ಒಂದು ಸಂಧಿ, ಅದರ ಮುಂದಿನ ಗುಹೆಯಲ್ಲಿ ಒಂದು ಸಮಾಸ. ಅದೇ ಹುಡುಗ ಉತ್ತರಿಸುತ್ತ ಹೋದ. ಉಳಿದವರು ಒಬ್ಬೊಬ್ಬರಾಗಿ ಜೇಬಿನಿಂದ ಫೋನು ತೆಗೆದರು. ಕಥೆಯ ದೈತ್ಯನಿಗೆ ಚತುರ್ಥೀ ವಿಭಕ್ತಿಯಿಂದ ಏನಾಗಬೇಕಾಗಿದೆ? ಹತ್ತು ವರ್ಷದ ಮಗುವಿಗೂ ಆ ಮೋಸ ಅರ್ಥವಾಗುತ್ತದೆ. ದೈತ್ಯನ ಮುಖವಾಡದ ಹಿಂದೆ ಡಾಕ್ಟರ್ ಅಂಕಲ್ ಕುಳಿತಿದ್ದಾರೆ, ಅವರ ಕೈಯಲ್ಲಿ ಬೆತ್ತವಿದೆ.

ಒಂದು ಮರ, ಮೂರು ಅಡ್ಡಿಗಳು

ಆ ಸಂಜೆ ಮನೆಗೆ ಮರಳುವಾಗ ನನಗೆ ಇಪ್ಪತ್ತು ವರ್ಷಗಳ ಹಿಂದಿನ ಒಂದು ಮಳೆಗಾಲದ ನೆನಪಾಯಿತು. ಎಂಬಿಬಿಎಸ್ ಮುಗಿಸಿ ತೀರ್ಥಹಳ್ಳಿಯ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸಕ್ಕಿದ್ದ ಕಾಲ. ಹೆರಿಗೆ ಮುಂದುವರಿಯದೆ ಕಷ್ಟಪಡುತ್ತಿದ್ದ ಗರ್ಭಿಣಿಯೊಬ್ಬರನ್ನು ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದೆವು. ಜುಲೈ ತಿಂಗಳ ಮಳೆ. ರಸ್ತೆಗೆ ಅಡ್ಡಲಾಗಿ ದೊಡ್ಡ ಮರವೊಂದು ಉರುಳಿತ್ತು.

ಮರದ ಈಚೆ ಬದಿಯಲ್ಲಿ ನಮ್ಮ ಜೀಪಿನ ಜೊತೆಗೆ ಅಡಿಕೆ ಹೇರಿದ ಒಂದು ಲಾರಿ ನಿಂತಿತ್ತು. ಲಾರಿಯ ಚಾಲಕನು ಬೀಡಿ ಹಚ್ಚಿ, ಟಾರ್ಪಾಲಿನಡಿಯಲ್ಲಿ ಕಾಲು ಚಾಚಿ ಮಲಗಿದನು. ಅವನ ಅಡಿಕೆ ನಾಳೆ ತಲುಪಿದರೂ ನಡೆಯುತ್ತಿತ್ತು. ಹತ್ತಿರದ ಮನೆಯವರೊಬ್ಬರು ಕೊಡಲಿ ಹಿಡಿದು ಬಂದು ಮರದ ಸುತ್ತ ಒಂದು ಸುತ್ತು ಹಾಕಿದರು. ಅವರಿಗೆ ಅದು ವರ್ಷಕ್ಕಾಗುವ ಸೌದೆ. ನಮಗಾದರೋ ಅದು ತಾಯಿ ಮತ್ತು ಮಗುವಿನ ಜೀವದ ಪ್ರಶ್ನೆ. ಮರ ಕಡಿಯುವ ತನಕ ಕಾಯಬೇಕೇ? ಸುತ್ತುದಾರಿ ಹಿಡಿದು ಹೊಳೆಯ ಕಡೆಯಿಂದ ಹೋಗಬೇಕೇ? ಅಥವಾ ಆಕೆಯನ್ನು ಹೊತ್ತು ಮರ ದಾಟಿಸಿ ಆಚೆ ಬದಿಯಲ್ಲಿ ನಿಂತಿದ್ದ ಬಸ್ಸಿನವರನ್ನು ಬೇಡಿಕೊಳ್ಳಬೇಕೇ? ಕಾಯುವುದರಲ್ಲಿ ಸಮಯ ಹೋಗುತ್ತಿತ್ತು. ಸುತ್ತುದಾರಿಯಲ್ಲಿ ಹೊಳೆ ತುಂಬಿರುವ ಭಯವಿತ್ತು. ಹೊತ್ತು ದಾಟಿಸಿದರೆ ಜೀಪಿನಲ್ಲಿದ್ದ ಸಾಮಗ್ರಿಗಳಲ್ಲಿ ಅರ್ಧವನ್ನು ಬಿಟ್ಟು ಹೋಗಬೇಕಿತ್ತು. ನಾವು ಮೂರನೆಯದನ್ನು ಆರಿಸಿಕೊಂಡೆವು. ಒಂದು ಮರದ ಬೆಂಚಿನ ಮೇಲೆ ಆಕೆಯನ್ನು ಮಲಗಿಸಿ ನಾಲ್ಕು ಜನ ದಾಟಿಸಿದರು. ಅವರಲ್ಲೊಬ್ಬನು ಆ ಲಾರಿಯ ಚಾಲಕ. ತಾಯಿ, ಮಗು ಇಬ್ಬರೂ ಉಳಿದರು.

ಮರ ಒಂದೇ, ಆದರೆ ಅಲ್ಲಿದ್ದ ಮೂವರ ಮಟ್ಟಿಗೆ ಅದು ಮೂರು ಬೇರೆ ಬೇರೆ ಸಂಗತಿಯಾಗಿತ್ತು. ಅಡ್ಡಿಯೆಂಬುದು ಮರದಲ್ಲಿರುವುದಿಲ್ಲ, ಹೋಗಬೇಕಾದವರ ಉದ್ದೇಶಕ್ಕೂ ಮರಕ್ಕೂ ನಡುವೆ ಇರುತ್ತದೆ. ಉದ್ದೇಶ ಇಲ್ಲದವನಿಗೆ ನಾಲ್ಕು ತೋಳಗಳೂ ಅಡ್ಡಿಯಲ್ಲ, ಬರಿಯ ಕಾಲಹರಣ. ಉದ್ದೇಶ ಇರುವವನಿಗೆ ಮುಚ್ಚಿದ ಗೇಟೊಂದು ಸಾಕು, ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಆಟ ನಡೆಸುವವರು ಮೊದಲು ಕೇಳಬೇಕಾದ ಪ್ರಶ್ನೆ “ದಾರಿಯಲ್ಲಿ ಯಾವ ಪ್ರಾಣಿ ಬರಲಿ?” ಎಂಬುದಾಗಬಾರದು. “ಈ ಮಗು ಎಲ್ಲಿಗೆ, ಏತಕ್ಕೆ ಹೊರಟಿದೆ?” ಎಂಬುದಾಗಬೇಕು. ರೋಗಿ ಬಂದೊಡನೆ ನಾವು ವೈದ್ಯರು ಕೇಳುವ ಮೊದಲ ಪ್ರಶ್ನೆಯೂ ಅದೇ: ಏತಕ್ಕೆ ಬಂದಿರಿ? ಅದನ್ನು ಕೇಳದೆ ಪರೀಕ್ಷೆಗಳ ಪಟ್ಟಿ ಬರೆಯುವ ವೈದ್ಯನಿಗೂ, ಗುರಿ ಕೇಳದೆ ಅಡ್ಡಿಗಳ ಪಟ್ಟಿ ತೆರೆಯುವ ಸೂತ್ರಧಾರನಿಗೂ ಹೆಚ್ಚು ವ್ಯತ್ಯಾಸವಿಲ್ಲ.

ನಮ್ಮವರಿಗೆ ಗೊತ್ತಿದ್ದ ವಿದ್ಯೆ

ಇದನ್ನು ಅಮೆರಿಕದ ಪುಸ್ತಕಗಳಿಂದಲೇ ಕಲಿಯಬೇಕಾಗಿಲ್ಲ. ನಮ್ಮ ಕರಾವಳಿ, ಮಲೆನಾಡು, ಕಾಸರಗೋಡುಗಳಲ್ಲಿ ತಾಳಮದ್ದಳೆ ಕಂಡವರು ಈ ಆಟವನ್ನು ನೋಡಿದೊಡನೆ ಗುರುತಿಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಸುತ್ತ ಕುಳಿತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರವಾಗಿ ಆ ಕ್ಷಣದಲ್ಲಿಯೇ ಮಾತು ಕಟ್ಟುತ್ತಾರೆ. ದಾಳವೊಂದು ಇಲ್ಲ, ಮತ್ತು ಕಥೆಯ ಕೊನೆ ಮೊದಲೇ ನಿಶ್ಚಿತ. ಉಳಿದಂತೆ ಅದು ಮೇಜಿನ ಆಟದ ಸೋದರನೇ ಸರಿ. ಯಕ್ಷಗಾನದಲ್ಲಿ ದೂರದ ಪಯಣವನ್ನು ಪ್ರಯಾಣದ ಕುಣಿತದ ಕೆಲವು ಸುತ್ತುಗಳಲ್ಲಿ ಮುಗಿಸುತ್ತಾರೆ. ಆದರೆ ದಾರಿಯಲ್ಲಿ ಕುದುರೆಯನ್ನು ಕಟ್ಟಿಹಾಕಿದವನೊಬ್ಬ ಎದುರಾದನೆಂದರೆ, ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬ ಈ ವಿವೇಚನೆಯೇ ಪಯಣದ ಕಥೆಯ ಪ್ರಾಣ.

ಕುದುರೆಯ ಮಾತು ಬಂದುದರಿಂದ ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನೇ ನೋಡೋಣ. ಯುದ್ಧ ಮುಗಿದ ಮೇಲೆ ಧರ್ಮರಾಯನ ಅಶ್ವಮೇಧದ ಕುದುರೆಯನ್ನು ಬಿಡುತ್ತಾರೆ. ಅದು ತನಗೆ ತೋಚಿದ ಕಡೆಗೆ ಹೋಗುತ್ತದೆ; ಅರ್ಜುನನು ಅದರ ಹಿಂದೆ ಹೋಗಬೇಕು. ದಾರಿ ಅವನ ಆಯ್ಕೆಯದಲ್ಲ. ಇಂದಿನ ಆಟಗಾರರ ಭಾಷೆಯಲ್ಲಿ ಹೇಳುವುದಾದರೆ ಇದು ಶುದ್ಧ ಆಕಸ್ಮಿಕ ಪಯಣ. ಹಾಗಿದ್ದರೂ ಅಲ್ಲಿನ ಒಂದು ಅಡ್ಡಿಯೂ ಖಾಲಿಯಾಗಿಲ್ಲ, ಏಕೆಂದರೆ ಕುದುರೆಯನ್ನು ತಡೆಯುವ ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ಬಯಕೆಯಿದೆ. ಸುಧನ್ವನಿಗೆ ಅರ್ಜುನನ ಸೋಲಿಗಿಂತಲೂ ಕೃಷ್ಣನ ದರ್ಶನ ಬೇಕು. ಮಣಿಪುರದ ಬಭ್ರುವಾಹನನು ತಂದೆಯೆಂದು ತಿಳಿದು ಕಾಣಿಕೆಯೊಡನೆ ಬರುತ್ತಾನೆ. ಅರ್ಜುನನು ಅವಮಾನಿಸಿದ ಮೇಲೆಯೇ ಯುದ್ಧ. ಆ ಯುದ್ಧದಲ್ಲಿ ಅರ್ಜುನನು ಮಗನ ಕೈಯಲ್ಲಿ ಸಾಯುತ್ತಾನೆ, ಪಾತಾಳದಿಂದ ತಂದ ಮಣಿಯಿಂದ ಮತ್ತೆ ಬದುಕುತ್ತಾನೆ. ಗಮನಿಸಿ, ನಾಯಕನು ಸೋತನೆಂದು ಕಥೆ ನಿಲ್ಲಲಿಲ್ಲ. ಸೋಲೇ ಅದನ್ನು ಮುಂದಕ್ಕೆ ತಳ್ಳಿತು.

ಅದೇ ಕಾವ್ಯದಲ್ಲಿರುವ ಚಂದ್ರಹಾಸನ ಕಥೆಯನ್ನು ಅಜ್ಜಿಯರಿಂದ ಕೇಳಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಲಕನು ಒಯ್ಯುತ್ತಿರುವ ಪತ್ರದಲ್ಲಿ ಅವನಿಗೇ ವಿಷ ಕೊಡಬೇಕೆಂಬ ಆಜ್ಞೆಯಿದೆ. ದಾರಿಯಲ್ಲಿ ದಣಿದು ಉದ್ಯಾನದಲ್ಲಿ ಮಲಗುತ್ತಾನೆ. ಮಂತ್ರಿಯ ಮಗಳು ವಿಷಯೆ ಪತ್ರ ಓದಿ, ವಿಷದ ಜಾಗದಲ್ಲಿ ತನ್ನ ಹೆಸರು ಬರುವಂತೆ ತಿದ್ದುತ್ತಾಳೆ. ಮರಣದ ಪತ್ರ ಮದುವೆಯ ಪತ್ರವಾಗುತ್ತದೆ. ಈ ಕಥೆಯನ್ನು “ಮೂರು ದಿನ ನಡೆದು ಚಂದ್ರಹಾಸನು ಊರು ತಲುಪಿದನು” ಎಂದು ಹೇಳಿ ನೋಡಿ. ಹುಡುಗ ಸಾಯುತ್ತಾನೆ. ಉದ್ಯಾನದಲ್ಲಿ ನಾಲ್ಕು ತೋಳಗಳನ್ನು ಬಿಟ್ಟು ನೋಡಿ. ಹುಡುಗ ತೋಳಗಳನ್ನು ಕೊಂದು, ಆಮೇಲೆ ಊರಿಗೆ ಹೋಗಿ ಸಾಯುತ್ತಾನೆ.

ಸೇತುವೆಯ ಅಜ್ಜ

ಈಗ ನಾಲ್ಕನೆಯ ಭಾನುವಾರ. ಅಕ್ಕ ನಮ್ಮ ಪ್ರಶ್ನೆಗಳ ಕಟ್ಟನ್ನು ವಿನಯದಿಂದಲೇ ಬದಿಗಿಟ್ಟಳು. ಮಕ್ಕಳಿಂದ ಹೊಸ ಚೀಟಿ ಬರೆಸಿದಳು: ನಿನಗೆ ಏನು ಬೇಕು, ಏನನ್ನು ನೀನು ಬಿಟ್ಟುಕೊಡಲಾರೆ? ವೈದ್ಯೆಯ ಪಾತ್ರದ ಹುಡುಗಿ ಮತ್ತೆ ಅಜ್ಜಿಯ ಊರನ್ನೇ ಬರೆದಳು. ಬಿಟ್ಟುಕೊಡಲಾರದ್ದು ಔಷಧಿಯ ಚೀಲ. ಒಬ್ಬ ಹುಡುಗನ ಜಟ್ಟಿಗೆ ಜಾತ್ರೆಯ ಕುಸ್ತಿಗೆ ಸಮಯಕ್ಕೆ ಸರಿಯಾಗಿ ಮುಟ್ಟಬೇಕು. ಇನ್ನೊಬ್ಬಳ ಕಳ್ಳಿಗೆ ಸ್ವಂತ ದೋಣಿಯೊಂದು ಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಿತ್ತು ಈ ತಂಡ. ಅದೇ ಒಳ್ಳೆಯದಾಯಿತು.

ಅವರ ದಾರಿಯಲ್ಲಿ ಸೇತುವೆಯೊಂದು ಬಂದಿತು. ಫ್ರೀಮಾಂಟ್‌ನ ಮಕ್ಕಳಿಗೆ ಸೇತುವೆಯನ್ನು ವರ್ಣಿಸಬೇಕಾಗಿಲ್ಲ. 1917ರಲ್ಲಿ ತೆರೆದ ನಮ್ಮ ನೀಲಿ-ಕಿತ್ತಳೆ ಬಣ್ಣದ ಸೇತುವೆ ದೋಣಿಗಳಿಗಾಗಿ ದಿನಕ್ಕೆ ಸರಾಸರಿ ಮೂವತ್ತೈದು ಬಾರಿ ಮೇಲೇಳುತ್ತದೆ. ಅದರ ಗಂಟೆ ಬಾರಿಸಿದಾಗ ಕಾರಿನಲ್ಲಿ ಕುಳಿತು ನಾವೆಲ್ಲ ನಿಟ್ಟುಸಿರು ಬಿಟ್ಟವರೇ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಅರೋರಾ ಸೇತುವೆಯ ಕೆಳಗೆ, 1990ರಿಂದ ಕಾಂಕ್ರೀಟಿನ ದೈತ್ಯನೊಬ್ಬ ಕೈಯಲ್ಲಿ ನಿಜವಾದ ಫೋಕ್ಸ್‌ವ್ಯಾಗನ್ ಕಾರನ್ನು ಹಿಚುಕಿ ಹಿಡಿದು ಕುಳಿತಿದ್ದಾನೆ. ಅಕ್ಕ ಎರಡನ್ನೂ ಕೂಡಿಸಿದಳು. ಏಳುವ ಸೇತುವೆ, ಅದರಡಿಯಲ್ಲಿ ಮುದಿ ದೈತ್ಯ. ದಿನಕ್ಕೆ ಮೂವತ್ತೈದು ಬಾರಿ ಗಂಟೆಯ ಸದ್ದಿಗೆ ಎಚ್ಚರವಾಗಿ ಅವನು ವರ್ಷಗಳಿಂದ ನಿದ್ದೆ ಕಂಡಿಲ್ಲ. ಸೇತುವೆಯ ಸರಪಳಿಯನ್ನು ಹಿಡಿದು ಕುಳಿತುಬಿಟ್ಟಿದ್ದಾನೆ. ಅವನಿಗೆ ಬರುವುದು ಕನ್ನಡವೊಂದೇ.

“ಅಜ್ಜಾ, ನಿಮಗೆ ಎಷ್ಟು ದಿನದಿಂದ ನಿದ್ದೆ ಇಲ್ಲ?” ಎಂದು ವೈದ್ಯೆ ಕೇಳಿದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ದೈತ್ಯನು ಅಜ್ಜನಾದನು, ಏಕವಚನ ಬಹುವಚನವಾಯಿತು. ಮಾತುಕತೆ ಸಾಗಿತು. ಕೊನೆಗೆ ದೈತ್ಯನು ಎರಡು ದಾರಿ ಕೊಟ್ಟನು. ಒಂದೋ, ಇಡೀ ರಾತ್ರಿ ನೀವು ಕಾವಲು ಕುಳಿತು ಗಂಟೆ ಬಾರಿಸದಂತೆ ನೋಡಿಕೊಳ್ಳಿ. ಇಲ್ಲವೇ, ನಿಮಗೆ ಪ್ರಿಯವಾದದ್ದನ್ನು ನನ್ನ ಬಳಿ ಇಟ್ಟು ಹೋಗಿ, ಹಿಂದಿರುಗುವಾಗ ನಿದ್ದೆಗೆ ಮದ್ದು ತನ್ನಿ. ಕಾವಲು ಕುಳಿತರೆ ಜಟ್ಟಿಯ ಕುಸ್ತಿ ತಪ್ಪುತ್ತದೆ. ಔಷಧಿ ಚೀಲ ಇಟ್ಟು ಹೋದರೆ ಅಜ್ಜಿಯ ಗತಿಯೇನು?

ಇಪ್ಪತ್ತು ನಿಮಿಷ ಮಕ್ಕಳು ವಾದ ಮಾಡಿದರು. ಕನ್ನಡದಲ್ಲಿ ಮಾಡಿದರು, ಏಕೆಂದರೆ ದೈತ್ಯನು ಕೇಳಿಸಿಕೊಳ್ಳುತ್ತಿದ್ದನು. ನಡುವೆ ಆ ಹುಡುಗಿ ನನ್ನ ಕಡೆ ತಿರುಗಿ, “ಡಾಕ್ಟರ್ ಅಂಕಲ್, ಒಂದು ವಸ್ತು ಕೊಟ್ಟು, ಆಮೇಲೆ ಬಂದು ಬಿಡಿಸಿಕೊಳ್ಳೋದಕ್ಕೆ ಕನ್ನಡದಲ್ಲಿ ಏನಂತಾರೆ?” ಎಂದಳು. “ಒತ್ತೆ ಇಡುವುದು” ಎಂದೆ. ಮುಂದಿನ ಐದು ನಿಮಿಷಗಳಲ್ಲಿ ‘ಒತ್ತೆ’ ಎಂಬ ಪದ ಆ ಮೇಜಿನಲ್ಲಿ ಹತ್ತಾರು ಬಾರಿ ಉರುಳಿತು. ಕಡೆಗೆ ಜಟ್ಟಿಯ ಹುಡುಗ ತನ್ನ ಗದೆಯನ್ನು ಒತ್ತೆ ಇಟ್ಟ. ಗದೆಯಿಲ್ಲದೆ ಜಾತ್ರೆಗೆ ಹೋದರೆ ಊರವರು ನಗುತ್ತಾರೆಂದು ತಿಳಿದೇ ಇಟ್ಟ. ದೈತ್ಯನು ಒಪ್ಪುವನೋ ಇಲ್ಲವೋ ಎಂದು ದಾಳ ಉರುಳಿಸಿದರು, ನಾಲ್ಕು ಬಿದ್ದಿತು. ಸೋಲಿನ ಗರ. ಹಳೆಯ ಪದ್ಧತಿಯಲ್ಲಾದರೆ ಸೇತುವೆ ಮುಚ್ಚಿತು, ಮತ್ತೆ ಹಾಕು ಎನ್ನುತ್ತಿದ್ದರು. ಅಕ್ಕ ಹಾಗೆ ಮಾಡಲಿಲ್ಲ. ದೈತ್ಯನು ಗದೆಯನ್ನು ತೆಗೆದುಕೊಂಡನು, ಸೇತುವೆಯನ್ನು ಬಿಟ್ಟನು. ಆದರೆ ಬರುವ ಅಮಾವಾಸ್ಯೆಯೊಳಗೆ ಮದ್ದು ಬರದಿದ್ದರೆ ಗದೆ ತನ್ನದೆಂದು ಮಾತು ಪಡೆದನು. ದಾರಿ ತೆರೆಯಿತು, ಬೆಲೆ ಏರಿತು.

ಮಕ್ಕಳನ್ನು ಕರೆದೊಯ್ಯಲು ಬಂದ ತಾಯಂದಿರು ಮೇಲಿನ ಮಹಡಿಯಲ್ಲಿ ಅರ್ಧ ಗಂಟೆ ಕಾದರು. ಮಕ್ಕಳು ಏಳಲೊಲ್ಲರು.

ಆಕ್ಷೇಪಗಳಿಗೆ ಉತ್ತರ

“ದೈತ್ಯನಿಗೆ ಕನ್ನಡ ಮಾತ್ರ ಬರುತ್ತದೆಂಬುದೂ ಕನ್ನಡ ಪರೀಕ್ಷೆಯೇ ಅಲ್ಲವೇ?” ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಯೋಗ್ಯವಾದ ಪ್ರಶ್ನೆ. ನನ್ನ ಉತ್ತರ ಇದು: ಪರೀಕ್ಷೆಯಲ್ಲಿ ನುಡಿ ಅಡ್ಡಿಯಾಗುತ್ತದೆ, ಅಗತ್ಯದಲ್ಲಿ ನುಡಿ ದಾರಿಯಾಗುತ್ತದೆ. ವಿಭಕ್ತಿಯ ಪ್ರಶ್ನೆಯಲ್ಲಿ ಒಂದೇ ಸರಿಯುತ್ತರವಿತ್ತು, ಅದು ಒಬ್ಬ ಹುಡುಗನ ಬಳಿಯಿತ್ತು. ಒತ್ತೆಯ ಮಾತಿನಲ್ಲಿ ಹರುಕು ಕನ್ನಡದ ಮಗುವಿಗೂ ಪಾಲಿತ್ತು, ಏಕೆಂದರೆ ಅಲ್ಲಿ ಬೇಕಾಗಿದ್ದುದು ದೈತ್ಯನನ್ನು ಒಪ್ಪಿಸುವ ಯುಕ್ತಿ. ನಾವೆಲ್ಲ ಇಂಗ್ಲಿಷನ್ನು ನಿಜವಾಗಿ ಕಲಿತದ್ದು ಹೇಗೆ? ಈ ದೇಶಕ್ಕೆ ಬಂದು ಮನೆ ಬಾಡಿಗೆಗೆ ಹಿಡಿಯಬೇಕಾದಾಗ, ಬ್ಯಾಂಕಿನಲ್ಲಿ ವಾದ ಮಾಡಬೇಕಾದಾಗ ಅಲ್ಲವೇ?

ಎರಡನೆಯ ಆಕ್ಷೇಪ ಆಟ ಬಲ್ಲ ಯುವಕರದು. ಆಕಸ್ಮಿಕ ಅಡ್ಡಿಗಳ ಪಟ್ಟಿಯನ್ನು ನಾನು ಹಗುರವಾಗಿ ಕಂಡೆನೆಂದು ಅವರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. 1974ರ ಮೂಲ ನಿಯಮಗಳಲ್ಲಿಯೇ ಕಾಡಿನ ಪಯಣದ ದಿನಗಳಲ್ಲಿ ದಾರಿ ತಪ್ಪಿತೇ, ಯಾರಾದರೂ ಎದುರಾದರೇ ಎಂದು ದಾಳ ಹಾಕುವ ಕ್ರಮವಿತ್ತು. ಪಯಣಕ್ಕೆಂದು ‘ಔಟ್‌ಡೋರ್ ಸರ್ವೈವಲ್’ ಎಂಬ ಇನ್ನೊಂದು ಆಟದ ನಕ್ಷೆಯನ್ನು ಬಳಸಿರೆಂದು ಅದರಲ್ಲಿ ಸಲಹೆಯೂ ಇತ್ತು. ಆ ಕ್ರಮಕ್ಕೆ ತರ್ಕವಿತ್ತು. ಬುತ್ತಿ ಖಾಲಿಯಾಗುತ್ತದೆ, ದಿನಗಳು ಸರಿಯುತ್ತವೆ. ಆದ್ದರಿಂದ ಹತ್ತಿರದ ಅಪಾಯದ ದಾರಿಯೋ, ದೂರದ ಸುರಕ್ಷಿತ ದಾರಿಯೋ ಎಂಬ ಆಯ್ಕೆಗೆ ಬೆಲೆ ಬರುತ್ತಿತ್ತು. ಇಂದಿನವರು ಬುತ್ತಿಯ ಲೆಕ್ಕವನ್ನು ಬಿಟ್ಟು ತೋಳಗಳನ್ನು ಮಾತ್ರ ಉಳಿಸಿಕೊಂಡಿದ್ದಾರೆ. 2011ರ ‘ದ ಒನ್ ರಿಂಗ್’ ಆಟದಲ್ಲಿ ಪಯಣಿಗರು ದಾರಿ ತೋರುವವ, ಮುಂದೆ ಹೋಗಿ ನೋಡಿ ಬರುವವ, ಬೇಟೆಯಾಡುವವ, ಕಾವಲಿನವ ಎಂದು ಹೊಣೆ ಹಂಚಿಕೊಳ್ಳುತ್ತಾರೆ. ಇದನ್ನು ನಮ್ಮ ಮೇಜು ಅವಶ್ಯವಾಗಿ ಎರವಲು ಪಡೆಯಬಹುದು. ದಾಳಕ್ಕೆ ನನ್ನ ವಿರೋಧವಿಲ್ಲ. ತೋಳ ಬರಲಿ, ಆದರೆ ಅದಕ್ಕೆ ಹಸಿವಿರಲಿ, ಅದರ ಮರಿಗಳಿರಲಿ, ಅದು ಬಯಸುವುದು ಆ ಔಷಧಿ ಚೀಲದಲ್ಲಿರುವ ಮಾಂಸದ ತುಂಡೇ ಆಗಿರಲಿ.

ಮೂರನೆಯದು ಸಮಯದ ಆಕ್ಷೇಪ. ಎರಡೇ ಗಂಟೆಯ ಆಟದಲ್ಲಿ ಪಯಣಕ್ಕೆ ಎಡೆಯೆಲ್ಲಿ? ಎಲ್ಲ ಪಯಣವನ್ನೂ ಆಡಿರೆಂದು ನಾನು ಹೇಳುತ್ತಿಲ್ಲ. ಯಾರ ಗುರಿಯನ್ನೂ ತಾಗದ ಮೂರು ದಿನಗಳನ್ನು ಒಂದು ವಾಕ್ಯದಲ್ಲಿ ದಾಟಿಸಿ; ಯಕ್ಷಗಾನದ ಭಾಗವತರೂ ಅದನ್ನೇ ಮಾಡುತ್ತಾರೆ. ಆದರೆ ಒಂದು ಸೇತುವೆಯನ್ನಾದರೂ ಉಳಿಸಿ.

ಗುರಿ ಯಾರದು?

ಪ್ರಸ್ತಾಪದ ಕೊನೆಯ ಅಂಶ ನನ್ನನ್ನು ಹೆಚ್ಚು ಬಾಧಿಸುತ್ತದೆ: ಪಾತ್ರದ ಗುರಿಯನ್ನು ಪೋಷಕರು ನಿಶ್ಚಯಿಸುವುದು. ಉದ್ದೇಶ ಒಳ್ಳೆಯದೇ. “ಕಳೆದುಹೋದ ತಾಳೆಗರಿ ಗ್ರಂಥವನ್ನು ಹುಡುಕುವುದು” ಎಂಬ ಗುರಿ ಕೊಟ್ಟರೆ ಮಕ್ಕಳಿಗೆ ನಾಡಿನ ಪರಂಪರೆ ತಿಳಿಯುತ್ತದೆಂದು ಆಸೆ.

ನಾನು ವೈದ್ಯನಾದದ್ದು ನಮ್ಮ ತಂದೆಯ ಗುರಿಯಿಂದ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನವೇ ಅದು ನಿಶ್ಚಯವಾಗಿತ್ತು. ಓದಿನ ವರ್ಷಗಳಲ್ಲಿ ಬಂದ ಅಡ್ಡಿಗಳೆಲ್ಲ ನನಗೆ ನಾಲ್ಕು ತೋಳಗಳಂತೆಯೇ ಇದ್ದವು. ಒಂದೊಂದನ್ನೇ ಕೊಂದು ಮುಂದೆ ಹೋದೆ; ಏಕೆಂದು ಕೇಳಿಕೊಳ್ಳಲಿಲ್ಲ. ಆ ಗುರಿ ನನ್ನದಾದದ್ದು, ಆ ಮಳೆಯ ರಾತ್ರಿ, ಉರುಳಿದ ಮರದ ಎದುರು ನಿಂತಾಗ. ತಂದೆಯವರಿಗೆ ನಾನು ಕೃತಜ್ಞನೇ. ಆದರೆ ನನ್ನ ಪಾಲಿಗೆ ಅಂಥದೊಂದು ಮರ ಉರುಳಿದ್ದು ಅದೃಷ್ಟ. ಅಂಥ ಮರ ಸಿಗದೆ ನಲವತ್ತು ದಾಟಿದವರನ್ನು ನನ್ನ ಸಹಪಾಠಿಗಳಲ್ಲಿಯೂ ರೋಗಿಗಳಲ್ಲಿಯೂ ಕಂಡಿದ್ದೇನೆ. ತಲುಪಿದ್ದಾರೆ, ಆದರೆ ಎಲ್ಲಿಗೆ ಹೊರಟಿದ್ದೆವೆಂದು ಅವರಿಗೆ ತಿಳಿಯದು.

ನಮ್ಮ ಮಕ್ಕಳ ವಾರವನ್ನು ಒಮ್ಮೆ ಎಣಿಸಿ ನೋಡಿ. ಗಣಿತದ ತರಗತಿ, ಈಜು, ಸಂಗೀತ, ಭರತನಾಟ್ಯ, ಕನ್ನಡ ಶಾಲೆ. ಎಲ್ಲವೂ ಬೇಕಾದವೇ, ಎಲ್ಲದರ ಗುರಿಯನ್ನೂ ನಾವೇ ಬರೆದಿದ್ದೇವೆ. ತಿಂಗಳಿಗೆ ಎರಡು ಮಧ್ಯಾಹ್ನ ಒಂದು ಚೀಟಿಯ ಮೇಲೆ ಮಗುವೇ ತನಗೆ ಬೇಕಾದದ್ದನ್ನು ಬರೆಯುತ್ತದೆ. ಆ ಚೀಟಿಯನ್ನೂ ನಾವು ಕಿತ್ತುಕೊಳ್ಳಬೇಕೇ? ಇನ್ನೊಂದು ಮಾತು. ಯಾರೂ ಹೇಳಿಕೊಡದೆ ಆ ಹುಡುಗಿ ಬರೆದದ್ದು ಏನನ್ನು? ಅಜ್ಜಿಯ ಊರಿಗೆ ಹೋಗಬೇಕೆಂದು. ನಾವು ಕೊಡಬೇಕೆಂದಿದ್ದ ಪರಂಪರೆಯನ್ನು ಮಗು ತಾನಾಗಿಯೇ ಬಯಸಿತ್ತು. ತಾಳೆಗರಿ ಗ್ರಂಥದ ಗುರಿಯನ್ನು ನಾವು ತುರುಕಿದ್ದರೆ ಆ ಅಜ್ಜಿ ಎಂದೂ ಹೊರಗೆ ಬರುತ್ತಿರಲಿಲ್ಲ.

ನನ್ನ ಕೋರಿಕೆ

ಆದ್ದರಿಂದ ಕಾರ್ಯಕಾರಿ ಸಮಿತಿಗೂ ಪೋಷಕ ಬಂಧುಗಳಿಗೂ ಈ ಕೆಳಗಿನವುಗಳನ್ನು ಕೋರುತ್ತೇನೆ.

1. ವಿಲೀನದ ಪ್ರಸ್ತಾಪವನ್ನು ಕೈಬಿಡಿ. ಕನ್ನಡ ಶಾಲೆ ಶಾಲೆಯಾಗಿರಲಿ, ಆಟ ಆಟವಾಗಿರಲಿ. ವ್ಯಾಕರಣಕ್ಕೆ ಅದರದೇ ಗೌರವದ ಸ್ಥಳವಿದೆ. ಅದನ್ನು ದೈತ್ಯನ ಬಾಯಲ್ಲಿಟ್ಟು ಹಾಸ್ಯಾಸ್ಪದ ಮಾಡುವುದು ಬೇಡ.

2. ಪಾತ್ರದ ಗುರಿಯನ್ನು ಮಗುವೇ ತನ್ನ ಕೈಬರಹದಲ್ಲಿ ಬರೆಯಲಿ. ತಪ್ಪು ಕನ್ನಡದಲ್ಲಿದ್ದರೂ ಸರಿ, ಯಾರೂ ಕೆಂಪು ಮಸಿಯಿಂದ ತಿದ್ದಬಾರದು.

3. ಆಟ ನಡೆಸುವವರು ಅಡ್ಡಿಯೊಂದನ್ನು ಇಡುವ ಮುನ್ನ ಮೂರನ್ನು ಕೇಳಿಕೊಳ್ಳಲಿ. ಇದು ಯಾರ ಗುರಿಯನ್ನು ತಾಗುತ್ತದೆ? ಇಲ್ಲಿ ಕನಿಷ್ಠ ಎರಡು ದಾರಿಗಳಿವೆಯೇ? ಸೋತರೆ ಕಥೆ ನಿಲ್ಲದೆ ಬೇರೆ ಕಡೆಗೆ ತಿರುಗುತ್ತದೆಯೇ? ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ಅಡ್ಡಿ ಬೇಡ.

4. ಮೂಲೆಯಲ್ಲಿ ಕುಳಿತು ಉತ್ತರ ಪಿಸುಗುಡುವ ಪೋಷಕರು ಒಂದೋ ಮೇಲಿನ ಮಹಡಿಯಲ್ಲಿ ಕಾಫಿ ಕುಡಿಯಲಿ, ಇಲ್ಲವೇ ತಾವೂ ಒಂದು ಪಾತ್ರ ಹಿಡಿದು ಮೇಜಿಗೆ ಬರಲಿ. ಪದ ಕೇಳಿದಾಗ ಪದ ಕೊಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಕೇಳದಿದ್ದಾಗ ಬಾಯಿ ಮುಚ್ಚಿಕೊಂಡಿರುವುದಾಗಿಯೂ ಮಾತು ಕೊಡುತ್ತೇನೆ.

5. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರನ್ನು ಒಮ್ಮೆ ಈ ಮೇಜಿಗೆ ಕರೆತನ್ನಿ. ಬೇಸಿಗೆಯ ಆರು ತಿಂಗಳು ಕಿಟಕಿಯ ಬಳಿ ಕುಳಿತು ದಿನ ಎಣಿಸುವ ಅವರಲ್ಲಿ ದೈತ್ಯನ ಪಾತ್ರಕ್ಕೆ ತಕ್ಕವರು ಬೇಕಾದಷ್ಟು ಜನರಿದ್ದಾರೆ. ತಾಳಮದ್ದಳೆ ಕೇಳಿ ಬೆಳೆದವರಾದರೆ ಮಕ್ಕಳಿಗೆ ಸುಲಭವಾಗಿ ಸೋಲುವುದೂ ಇಲ್ಲ.

ಬರುವ ಸಭೆಯಲ್ಲಿ ಈ ವಿಷಯ ಮತಕ್ಕೆ ಬರಲಿದೆ. ನನ್ನ ನಿಲುವನ್ನು ಒಪ್ಪದವರೂ ದಯವಿಟ್ಟು ಮತ ಹಾಕುವ ಮುನ್ನ ಒಂದು ಭಾನುವಾರ ಆ ನೆಲಮಾಳಿಗೆಗೆ ಇಳಿದು ಬನ್ನಿ. ಅಮಾವಾಸ್ಯೆ ಹತ್ತಿರವಾಗುತ್ತಿದೆ, ಗದೆ ಇನ್ನೂ ಒತ್ತೆಯಲ್ಲಿದೆ. ದೈತ್ಯನ ನಿದ್ದೆಗೆ ಮದ್ದು ಯಾವುದೆಂದು ಆ ಹುಡುಗಿ ಕಳೆದ ವಾರ ನನಗೆ ಫೋನು ಮಾಡಿ ಕೇಳಿದಳು. ಉತ್ತರವನ್ನು ನಾನು ಹೇಳಲಿಲ್ಲ. “ಅಜ್ಜಿಯ ಊರಿಗೆ ಹೋಗುತ್ತಿದ್ದೀಯಲ್ಲಾ, ಅಜ್ಜಿಯನ್ನೇ ಕೇಳು” ಎಂದೆ. ಅದೇ ರಾತ್ರಿ ಅವಳು ಹಾಸನದಲ್ಲಿರುವ ತನ್ನ ನಿಜವಾದ ಅಜ್ಜಿಗೆ ಫೋನು ಮಾಡಿ ಮುಕ್ಕಾಲು ಗಂಟೆ ಮಾತನಾಡಿದಳೆಂದು ಅವಳ ತಾಯಿ ತಿಳಿಸಿದರು.

ಇತಿ ತಮ್ಮ ವಿಶ್ವಾಸಿ,
ಸಂಘದ ಆರೋಗ್ಯ ಶಿಬಿರದ ಸ್ವಯಂಸೇವಕ ವೈದ್ಯ,
ಫ್ರೀಮಾಂಟ್, ಸಿಯಾಟಲ್